ವೈನ್ ಬಾಟಲಿಯ ಬೂಚು ತೆಗೆಯೋಕೆ ಯಾವ ಓಪನರ್ ತಗೊಳ್ಳೋದು?

ತುಂಗಾತೀರ_ಹೋಮ್‌ಸ್ಟೇ:
ತೀರ್ಥಹಳ್ಳಿ ಹತ್ರ ಹೋಮ್‌ಸ್ಟೇ ನಮ್ದು. ಬಂದವರು ವೈನ್ ತಾವೇ ತರ್ತಾರೆ, ಓಪನರ್ ಮಾತ್ರ ನಮ್ಮನ್ನ ಕೇಳ್ತಾರೆ. ಇರೋದು ಎರಡು ಬದಿ ರೆಕ್ಕೆ ಮೇಲೇಳುವ ಥರದ್ದು. ತಿರುಗಿಸಿ ರೆಕ್ಕೆ ಒತ್ತಿದ್ರೆ ಬೂಚಿನ ನಡುವೆ ತೂತಾಗಿ ಪುಡಿ ಮೇಲೆ ಬರುತ್ತೆ, ಬೂಚು ಅಲ್ಲೇ ಕೂತಿರುತ್ತೆ. ಹಾಳಾಗಿರೋದು ಬೂಚೋ ಓಪನರೋ? ಮಳೆಗಾಲದಲ್ಲಿ ತುಕ್ಕು ಬೇರೆ. ಹೊಸದು ತಗೊಂಡ್ರೆ ಯಾವುದು?

ಬೈರಿಗೆ_ಭಟ್ಟ:
ಓಪನರ್‌ದೇ ತಪ್ಪು ಮಾರಾಯ್ರೇ. ಸುರುಳಿಯನ್ನ ತುದಿ ಕಡೆಯಿಂದ ನೋಡಿ. ನಡುವೆ ಟೊಳ್ಳಿದ್ದು ಬೆಂಕಿಕಡ್ಡಿ ತೂರಿದ್ರೆ ಒಳ್ಳೇದು. ನಡುವೆ ಗಟ್ಟಿ ಕಂಬಿಯಿದ್ದು ಸುತ್ತ ಅಂಚು ಮಾತ್ರ ಇದ್ರೆ ಅದು ಮರ ಕೊರೆಯೋ ಬೈರಿಗೆ ಥರ, ಬೂಚನ್ನ ಹಿಡಿಯೋದಿಲ್ಲ, ಕೊರೆಯುತ್ತೆ. 24 ಮಿ.ಮೀ. ದಪ್ಪದ ಬೂಚನ್ನ ಸುಮಾರು 18.5 ಮಿ.ಮೀ. ಕೊರಳಿಗೆ ಅದುಮಿ ತುಂಬಿರ್ತಾರೆ. ಆ ಬಿಗಿ ಬಿಡಿಸೋಕೆ ಸುರುಳಿ ಬೂಚಿನ ಉದ್ದಕ್ಕೂ ಹಿಡಿದಿರಬೇಕು.

ತಗೊಳ್ಳೋದಾದ್ರೆ ಹೋಟೆಲ್ ವೇಟರ್‌ಗಳ ಜೇಬಲ್ಲಿರೋ ಮಡಚುವ ಓಪನರ್. ಮೀಟುಗೋಲಿನಲ್ಲಿ ಬಾಟಲಿಯ ಬಾಯಿಗೆ ಆನಿಸೋ ಮೆಟ್ಟಿಲು ಎರಡಿರೋದೇ ಬೇಕು, ಸುರುಳಿ ಐದು ಸುತ್ತಿರಲಿ. ಒಂದೇ ಮೆಟ್ಟಿಲಿಂದು ಬೇಡ. ಅರ್ಧಕ್ಕೆ ಬರೋ ಹೊತ್ತಿಗೆ ಎಳೆತ ಓರೆಯಾಗಿ ಬೂಚು ಮುರಿಯುತ್ತೆ. ಬಾಟಲಿ ಬಾಯಿಗೆ ಸುತ್ತಿರೋ ಫಾಯಿಲ್ ಕುಯ್ಯೋ ಚಾಕುವಿಗೆ ಗರಗಸದ ಹಲ್ಲಿದ್ರೆ ಜಾರಲ್ಲ.

ಬಳಸೋದು ಹೀಗೆ. ಬಾಯಿಯ ಉಬ್ಬಿನ ಕೆಳಗೆ ಫಾಯಿಲ್ ಸುತ್ತ ಕುಯ್ದು ತೆಗೆದು ಒರೆಸಿ. ಸುರುಳಿಯ ತುದಿಯನ್ನ ನಡುಮಧ್ಯಕ್ಕಲ್ಲ, ಕೂದಲೆಳೆ ಪಕ್ಕಕ್ಕೆ ಚುಚ್ಚಿ. ತುದಿ ನಡುವಿಗಿಟ್ರೆ ಇಡೀ ಸುರುಳಿ ಗಾಜಿನ ಕಡೆ ವಾಲುತ್ತೆ. ನೆಟ್ಟಗೆ ನಿಲ್ಲಿಸಿ ಒಂದು ಸುತ್ತು ಹೊರಗುಳಿಯುವವರೆಗೆ ತಿರುಗಿಸಿ. ಮೊದಲ ಮೆಟ್ಟಿಲನ್ನ ಬಾಟಲಿಯ ಬಾಯಿಗೆ ಕೊಟ್ಟು, ಎಡಗೈಯಿಂದ ಮೆಟ್ಟಿಲು, ಕೊರಳು ಎರಡನ್ನೂ ಸೇರಿಸಿ ಹಿಡಿದು ಎತ್ತಿ. ಹಾಗೆ ಹಿಡೀದಿದ್ರೆ ಜಾರಿ ಬಾಯಿಯ ಗಾಜು ಚಕ್ಕೆ ಏಳುತ್ತೆ. ಆಮೇಲೆ ಎರಡನೇ ಮೆಟ್ಟಿಲು. ಕೊನೆಯ ಅರ್ಧ ಸೆಂಟಿಮೀಟರ್ ಕೈಯಲ್ಲೇ ಅಲುಗಿಸಿ ತೆಗೀರಿ.

ಸಾಗರದ_ಸೋಮಾರಿ:
ರೆಕ್ಕೆಯದ್ದನ್ನ ಪೂರ್ತಿ ಬೈಬೇಡಿ. ಬೆಂಕಿಕಡ್ಡಿ ತೂರೋ ಸುರುಳಿ ಇರೋ ರೆಕ್ಕೆ ಓಪನರ್ ಸಿಕ್ಕಿದ್ರೆ ಅಭ್ಯಾಸ ಇಲ್ಲದವರಿಗೆ ಅದೇ ಸುಲಭ. ಉದ್ದ ಬೂಚಿಗೆ ಮಾತ್ರ ಸಾಲಲ್ಲ.

ತುಕ್ಕಿಗೆ ನಮ್ಮ ಮಳೆಗಿಂತ ತೊಳೆಯದೆ ಮಡಚಿಡೋದು ಹೆಚ್ಚು ಕಾರಣ. ವೈನಿನ ಹುಳಿ ಕೀಲಿನೊಳಗೆ ಉಳಿಯುತ್ತೆ. ತೊಳೆದು, ಒರೆಸಿ, ಬಿಚ್ಚಿಟ್ಟು ಒಣಗಿಸಿ ಆಮೇಲೆ ಮಡಚಿ. ಉಪ್ಪಿನ ಡಬ್ಬಿ ಹತ್ರ ಇಡಬೇಡಿ. ಕಪ್ಪು ಟೆಫ್ಲಾನ್ ಲೇಪದ ಸುರುಳಿ ಪ್ಲಾಸ್ಟಿಕ್ ಬೂಚಿಗೂ ಸರಾಗವಾಗಿ ಇಳಿಯುತ್ತೆ, ಆದ್ರೆ ಸ್ಟೀಲ್ ಸ್ಕ್ರಬ್ಬರ್ ಹಾಕಿದ್ರೆ ಲೇಪ ಹೋಗುತ್ತೆ.

ಫಾಯಿಲ್ ಕೆಳಗೆ ಬೂಚಿನ ಮೇಲೆ ಬೂಷ್ಟು ಕಂಡ್ರೆ ಗಾಬರಿ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ.

ತುಂಗಾತೀರ_ಹೋಮ್‌ಸ್ಟೇ:
ನೋಡಿದೆ, ಕಡ್ಡಿ ತೂರ್ಲಿಲ್ಲ, ನಡುವೆ ಗಟ್ಟಿನೇ. ಅರ್ಧಕ್ಕೆ ಮುರಿದು ಒಳಗುಳಿದ್ರೆ ಎಂತ ಮಾಡೋದು?

ಬೈರಿಗೆ_ಭಟ್ಟ:
ಉಳಿದ ತುಂಡಿಗೆ ಸುರುಳಿಯನ್ನ ಸ್ವಲ್ಪ ಓರೆಯಾಗಿ, ಒತ್ತದೆ, ತಿರುಗಿಸುತ್ತಲೇ ಇಳಿಸಿ. ಒತ್ತಿದ್ರೆ ತುಂಡು ಒಳಗೆ ಬೀಳುತ್ತೆ. ಬಿದ್ರೂ ವೈನ್ ಹಾಳಾಗಲ್ಲ, ಸಣ್ಣ ಜಾಲರಿಯಲ್ಲಿ ಸೋಸಿ ಜಗ್ಗಿಗೆ ಸುರಿದ್ರಾಯ್ತು. ತೀರಾ ಹಳೇ ಬೂಚಿಗೆ ಎರಡು ತೆಳು ಅಲಗಿನ ಸಾಧನ ಬರುತ್ತೆ. ಉದ್ದದ ಅಲಗು ಮೊದಲು, ಆಮೇಲೆ ಗಿಡ್ಡದ್ದು, ಗಾಜಿಗೂ ಬೂಚಿಗೂ ನಡುವೆ ಅಲುಗಿಸುತ್ತಾ ಇಳಿಸಿ ತಿರುಗಿಸಿ ಎಳೀಬೇಕು. ನಿಮಗೆ ಅದರ ಅಗತ್ಯ ಬೀಳಲ್ಲ.

ಸಾಗರದ_ಸೋಮಾರಿ:
ಡಿಸೆಂಬರ್ 31ಕ್ಕೆ ಬರೋರು ಶಾಂಪೇನ್ ಥರದ್ದು ತಂದ್ರೆ ಈ ಓಪನರ್ ಮುಟ್ಟಲೇಬೇಡಿ. ಒಳಗೆ 5–6 ವಾತಾವರಣದಷ್ಟು ಒತ್ತಡ, ಕಾರ್ ಟೈರಿಗಿಂತ ಎರಡು ಪಟ್ಟಿಗೂ ಹೆಚ್ಚು. ಮೂರು ಗಂಟೆ ಫ್ರಿಜ್ಜಲ್ಲಿಟ್ಟು ತಂಪು ಮಾಡಿ. ಹೆಬ್ಬೆರಳು ಬೂಚಿನ ಮೇಲಿಟ್ಟೇ ಅದಕ್ಕೆ ಬಿಗಿದ ತಂತಿಯನ್ನ ಆರು ಅರ್ಧಸುತ್ತು ಸಡಿಲಿಸಿ, ತೆಗೀಬೇಡಿ. ಬಾಟಲಿ ಓರೆ ಹಿಡಿದು, ಬೂಚನ್ನ ಬಿಗಿ ಹಿಡಿದು ಬಾಟಲಿಯ ತಳ ತಿರುಗಿಸಿ. ಬೂಚು ತಾನಾಗೇ ಮೇಲೇಳುತ್ತೆ, ಅದನ್ನ ತಡೆದು ನಿಧಾನಕ್ಕೆ ಬಿಡಿ. ಬಾಯಿ ಯಾರ ಮುಖದ ಕಡೆಗೂ ಬೇಡ, ದೀಪದ ಕಡೆಗೂ ಬೇಡ.