ಪೋಖರಾದಲ್ಲಿ ಮೂರು ದಿನ, ಜೊತೆಗೆ ಮಂಡಿ ನೋವಿನ ಅಮ್ಮ: ಏನು ನೋಡೋದು, ಏನು ಬಿಡೋದು?

ಮಳೆಬಿಲ್ಲು_22

ದೀಪಾವಳಿ ರಜೆಗೆ ನಾನು, ಅಮ್ಮ ನೇಪಾಳಕ್ಕೆ ಹೊರಟಿದ್ದೇವೆ. ಪೋಖರಾದಲ್ಲಿ ಪೂರ್ತಿ ಮೂರು ದಿನ ಸಿಗುತ್ತದೆ. ಅಮ್ಮನಿಗೆ 64 ವರ್ಷ. ಸಮತಟ್ಟು ಜಾಗದಲ್ಲಿ ಎಷ್ಟು ಬೇಕಾದರೂ ನಡೆಯುತ್ತಾರೆ, ಮೆಟ್ಟಿಲು ಕಂಡರೆ ಮುಖ ಸಣ್ಣಗಾಗುತ್ತದೆ. ಟ್ರಾವೆಲ್ಸ್‌ನವರು ಕೊಟ್ಟ ಪಟ್ಟಿಯಲ್ಲಿ ಒಂದೇ ದಿನಕ್ಕೆ ಏಳು ಜಾಗ ಇದೆ, ಅದರಲ್ಲಿ ಎರಡು ಗುಹೆ! ಅಮ್ಮ ಕೇಳಿರುವುದು ಎರಡೇ. ಹಿಮದ ಬೆಟ್ಟ ಕಣ್ತುಂಬ ನೋಡಬೇಕು, ಆಗುವುದಾದರೆ ಮುಕ್ತಿನಾಥನ ಗುಡಿಗೂ ಹೋಗಿಬರಬೇಕು. ಹೋಗಿ ಬಂದವರು ಹೇಳಿ.

ಅಲೆಮಾರಿ_ಮೇಷ್ಟ್ರು

ಮೊದಲು ಆ ಪಟ್ಟಿ ಹರಿದು ಹಾಕಿ. ಪೋಖರಾದಲ್ಲಿ ದಿನದ ಲೆಕ್ಕ ಬೇಡ, ಬೆಳಗಿನ ಲೆಕ್ಕ ಇಟ್ಟುಕೊಳ್ಳಿ. ಬೆಟ್ಟ ಕಾಣುವುದು ಹೆಚ್ಚಾಗಿ ಬೆಳಗ್ಗೆಯೇ. ಬಿಸಿಲೇರಿದರೆ ಮೋಡವೂ ಏರುತ್ತದೆ. ನಿಮಗಿರುವುದು ಮೂರು ಬೆಳಗು. ಅದರಲ್ಲಿ ಒಂದನ್ನೂ ಗುಹೆಗೆ, ಶಾಪಿಂಗ್‌ಗೆ ಕೊಡಬೇಡಿ.

ನಾನು ಎರಡು ಬೆಳಗು ಹಾಳು ಮಾಡಿಕೊಂಡವನು. ಮೊದಲ ದಿನ ನಿದ್ದೆ, ಎರಡನೇ ದಿನ ಮೋಡ. ಮೂರನೇ ದಿನ ಐದೂವರೆಗೆ ತಾರಸಿಗೆ ಹೋಗಿ ಊರಾಚೆಯ ಗುಡ್ಡಗಳ ಸಾಲಿನಲ್ಲಿ ಹಿಮ ಹುಡುಕುತ್ತಾ ನಿಂತಿದ್ದೆ. ಏನೂ ಇಲ್ಲ. ಚಹಾ ತಂದ ಹುಡುಗ ನಕ್ಕು, ನನ್ನ ಗಲ್ಲ ಹಿಡಿದು ಎತ್ತದಿರುವುದೊಂದು ಬಾಕಿ, ಇನ್ನೂ ಮೇಲೆ ಕೈ ತೋರಿಸಿದ. ನಾನು ಮೋಡ ಅಂದುಕೊಂಡಿದ್ದ ಜಾಗದ ಮೇಲೆ ಮಚ್ಛಾಪುಚ್ಛ್ರೆ ನಿಂತಿತ್ತು. ತುದಿ ಮಾತ್ರ ಕೆಂಪಗೆ, ಕೆಳಗೆಲ್ಲ ಇನ್ನೂ ಬೂದಿ ಬಣ್ಣ. ಅಷ್ಟು ಎತ್ತರದಲ್ಲಿ ಬೆಟ್ಟ ಇರಬಹುದು ಅಂತ ತಲೆಗೇ ಹೊಳೆದಿರಲಿಲ್ಲ.

ಮಚ್ಛಾಪುಚ್ಛ್ರೆ ಅಂದರೆ ಮೀನಿನ ಬಾಲ. ಆ ಶಿಖರವೇ ಎಲ್ಲಕ್ಕಿಂತ ಎತ್ತರ ಅಂತ ಎಲ್ಲರೂ ಫೋಟೋ ಹೊಡೆಯುತ್ತಾರೆ. ಅದು 6,993 ಮೀಟರ್. ಹಿಂದೆ ಕೂತಿರುವ ಅನ್ನಪೂರ್ಣ-1 ನಿಜಕ್ಕೂ ದೊಡ್ಡದು, 8,091 ಮೀಟರ್. ಮಚ್ಛಾಪುಚ್ಛ್ರೆ ಹತ್ತಿರ ಇದೆ, ಅದಕ್ಕೇ ಈ ಮೋಸ. ಅದನ್ನು ಹತ್ತುವುದಕ್ಕೆ ಅನುಮತಿ ಇಲ್ಲ. 1957ರಲ್ಲಿ ಹೋದ ಬ್ರಿಟಿಷ್ ತಂಡ ಕೂಡ ತುದಿಗೆ ಇನ್ನು ಸ್ವಲ್ಪ ಇದೆ ಅನ್ನುವಾಗ, ಪವಿತ್ರ ಬೆಟ್ಟ ಅನ್ನುವ ಕಾರಣಕ್ಕೆ, ವಾಪಸ್ ಇಳಿಯಿತು. ಅಮ್ಮನಿಗೆ ಹೇಳಿ, ಖುಷಿಪಡುತ್ತಾರೆ.

ಒಂದು ಬೆಳಗು ಸಾರಂಗಕೋಟ್ ಗುಡ್ಡಕ್ಕೆ ಕೊಡಿ. ಕತ್ತಲಲ್ಲೇ ಟ್ಯಾಕ್ಸಿ ಹಿಡಿಯಿರಿ. ವ್ಯೂ ಟವರ್‌ಗೆ ಮೆಟ್ಟಿಲಿವೆ, ಅಮ್ಮ ಅಷ್ಟು ದೂರ ಹತ್ತಬೇಕಿಲ್ಲ. ದಾರಿ ಬದಿಯ ಚಹಾದಂಗಡಿ ತಾರಸಿಯಿಂದಲೂ ಅದೇ ಬೆಟ್ಟ, ಕುರ್ಚಿಯೂ ಸಿಗುತ್ತದೆ. ಇಳಿಯುವಾಗ ಕೇಬಲ್ ಕಾರ್ ಹತ್ತಿ, ಕೆರೆ ಹತ್ತಿರಕ್ಕೇ ಇಳಿಸುತ್ತದೆ.

ಇನ್ನೊಂದು ಬೆಳಗು ಫೇವಾ ತಾಲ್, ಅಂದರೆ ಅದೇ ಕೆರೆ. ಗಾಳಿ ಏಳುವ ಮುಂಚೆ ಡ್ಯಾಮ್‌ಸೈಡ್ ಕಡೆ ನಿಂತರೆ ನೀರಲ್ಲಿ ಬೆಟ್ಟ ತಲೆಕೆಳಗಾಗಿ ಕಾಣುತ್ತದೆ. ಆಮೇಲೆ ದೋಣಿಯಲ್ಲಿ ತಾಲ್ ಬಾರಾಹಿ ಗುಡಿಗೆ ಹೋಗಿ. ಶನಿವಾರ ಮಾತ್ರ ಬೇಡ, ಅಲ್ಲಿ ವಾರದ ರಜೆ, ಕಾಲಿಡಲು ಜಾಗ ಇರಲ್ಲ. ಕೆರೆ ದಂಡೆಯ ಕಾಲುದಾರಿ ಸಮತಟ್ಟು, ಅಮ್ಮನಿಗೆ ಹೇಳಿ ಮಾಡಿಸಿದ್ದು.

ಮಧ್ಯಾಹ್ನಕ್ಕೆ ಡೇವಿಸ್ ಫಾಲ್ಸ್. ಸ್ಥಳೀಯರು ಪಾತಾಲೇ ಛಾಂಗೋ ಅನ್ನುತ್ತಾರೆ. ನೀರು ಧುಮುಕಿ ನೆಲದೊಳಗೆ ಮಾಯವಾಗುತ್ತದೆ. ಎದುರಿನ ಗುಪ್ತೇಶ್ವರ ಗುಹೆ ಬಿಡಿ, ಒದ್ದೆ ಮೆಟ್ಟಿಲು ಜಾಸ್ತಿ. ಸೇತಿ ನದಿಯನ್ನು ಸೇತುವೆ ಮೇಲಿಂದ ಬಗ್ಗಿ ನೋಡಿ. ಊರ ನಡುವೆಯೇ ಆಳವಾದ ಸೀಳು, ತಳದಲ್ಲಿ ಅಕ್ಕಚ್ಚಿನ ಬಣ್ಣದ ನೀರು. ಸೇತಿ ಅಂದರೇ ಬಿಳಿ. ಐದು ನಿಮಿಷದ ಕೆಲಸ, ನನಗೆ ಮಾತ್ರ ಎಲ್ಲಾ ಗುಹೆಗಳಿಗಿಂತ ಅದೇ ನೆನಪಿದೆ.

ದುಡ್ಡಿನ ಮಾತು. ನಮ್ಮ 100 ರೂಪಾಯಿ ಅಲ್ಲಿ 160. ಬೆಲೆ ಕೇಳಿದಾಗ 'ಐಸಿಯೋ, ಎನ್‌ಸಿಯೋ' ಅಂತ ಕೇಳಿ. ಅಂದರೆ ಭಾರತದ್ದೋ, ನೇಪಾಳದ್ದೋ ಅಂತ. ಒಬ್ಬ ಟ್ಯಾಕ್ಸಿಯವನು ಎನ್‌ಸಿಯಲ್ಲಿ ಹೇಳಿದ್ದನ್ನು ನಾನು ಐಸಿಯಲ್ಲಿ ಕೊಟ್ಟೆ. ಅವನು ಸುಮ್ನೆ ಜೇಬಿಗಿಳಿಸಿ ಹೊರಟ!

ತುಂಗೆಯ_ತೀರ

ಮುಕ್ತಿನಾಥವನ್ನು ಈ ಮೂರು ದಿನದಲ್ಲಿ ತುರುಕಬೇಡಿ. ನಾವು ಸಾಲಿಗ್ರಾಮದ ಆಸೆಗೆ ಹಾಗೆ ಮಾಡಿ ಕೈ ಸುಟ್ಟುಕೊಂಡೆವು. ಪೋಖರಾದಿಂದ ಜೋಮ್ಸೋಮ್‌ಗೆ ಪುಟ್ಟ ವಿಮಾನ, ಅಲ್ಲಿಂದ ಗುಡಿಯ ಕಡೆಗೆ ಜೀಪು. ವಿಮಾನ ಹಾರುವುದು ಬೆಳಗ್ಗೆ ಮಾತ್ರ. ಹೊತ್ತೇರಿದರೆ ಕಾಳಿ ಗಂಡಕಿ ಕಣಿವೆಯಲ್ಲಿ ಜೋರು ಗಾಳಿ ಬೀಸುತ್ತದೆ. ನಮ್ಮದು ಹವಾಮಾನಕ್ಕೆ ಎರಡು ದಿನ ರದ್ದಾಯಿತು, ಬೆಟ್ಟವೂ ಇಲ್ಲ, ದೇವರೂ ಇಲ್ಲ. ಗುಡಿ ಇರುವುದು 3,700 ಮೀಟರಿಗೂ ಮೇಲೆ, ಉಸಿರು ಕಟ್ಟುತ್ತದೆ. ಜೀಪಿಳಿದ ಮೇಲೆ ಹತ್ತುವುದೂ ಇದೆ, ಕುದುರೆ ಸಿಗುತ್ತದೆ. ಇನ್ನೂ ಮೂರು ದಿನ ಸೇರಿಸಲಾದರೆ ಹೋಗಿ.

ಮಳೆಬಿಲ್ಲು_22

ಪಟ್ಟಿ ಹರಿದಾಯ್ತು ಮೇಷ್ಟ್ರೇ. ಅಮ್ಮನಿಗೆ ಓದಿ ಹೇಳಿದೆ. ಮುಕ್ತಿನಾಥ ಮುಂದಿನ ಸಲಕ್ಕೆ ಅಂತ ಅವರೇ ಅಂದರು, ಸ್ವಲ್ಪ ಮುಖ ಊದಿಸಿಕೊಂಡು. ಗುಡ್ಡದ ಮೇಲಿನ ಶಾಂತಿ ಸ್ತೂಪ ಹೇಗೆ? ಹಬ್ಬಕ್ಕೆ ಅಂಗಡಿ ಮುಚ್ಚಿರುತ್ತಾ?

ಅಲೆಮಾರಿ_ಮೇಷ್ಟ್ರು

ಸ್ತೂಪಕ್ಕೆ ದೋಣಿ ಇಳಿದು ಕಾಡಲ್ಲಿ ಹತ್ತುವ ದಾರಿ ನಿಮಗೆ ಬೇಡ. ಟ್ಯಾಕ್ಸಿ ಹಿಂದಿನಿಂದ ಮೇಲೆ ಹೋಗುತ್ತದೆ, ಆದರೂ ಕೊನೆಗೆ ಮೆಟ್ಟಿಲುಂಟು. ಮೂರನೇ ಬೆಳಗು ಖಾಲಿ ಇಟ್ಟುಕೊಳ್ಳಿ. ಮೊದಲೆರಡರಲ್ಲಿ ಒಂದಕ್ಕೆ ಮೋಡ ಬಂದರೆ ಬೇಕಾಗುತ್ತದೆ. ಎರಡೂ ಚೆನ್ನಾಗಿ ಆದರೆ ಅಮ್ಮನನ್ನೇ ಕೇಳಿ.

ಹಬ್ಬದ ಹೆಸರು ಅಲ್ಲಿ ತಿಹಾರ್. ಕೆಲವು ಅಂಗಡಿ ಮುಚ್ಚುತ್ತವೆ, ಲೇಕ್‌ಸೈಡ್‌ನಲ್ಲಿ ಊಟಕ್ಕೆ ತೊಂದರೆ ಇಲ್ಲ. ನಮ್ಮ ನರಕ ಚತುರ್ದಶಿಯ ಹೊತ್ತಿಗೆ ಅಲ್ಲಿ ನಾಯಿಗಳಿಗೆ ಪೂಜೆ. ಬೀದಿ ನಾಯಿಯ ಕೊರಳಲ್ಲೂ ಚೆಂಡುಹೂವಿನ ಹಾರ, ಹಣೆಯಲ್ಲಿ ಕುಂಕುಮ. ಒಂದಂತೂ ಹಾರ ಹಾಕಿಕೊಂಡೇ ನನ್ನ ಬಿಸ್ಕತ್ತು ಕಸಿದುಕೊಂಡು ಹೋಯಿತು.

ವೋಟರ್ ಐಡಿ ಇಲ್ಲಾ ಪಾಸ್‌ಪೋರ್ಟ್, ಎರಡರಲ್ಲೊಂದು ಇಬ್ಬರಿಗೂ ಇರಲಿ. ರೂಮ್ ಹಿಡಿಯುವಾಗ ತಾರಸಿಯಿಂದ ಉತ್ತರ ದಿಕ್ಕು ಕಾಣುತ್ತಾ ಅಂತ ಕೇಳಿ. ಕೆರೆ ಕಾಣುತ್ತೆ ಅಂತ ಅವರೇ ಹತ್ತು ಸಲ ಹೇಳುತ್ತಾರೆ, ಅದನ್ನು ಕೇಳಬೇಕಿಲ್ಲ.