ಮೈಎಸ್‌ಕ್ಯೂಎಲ್ ಡೇಟಾಬೇಸ್ 5.7ರಿಂದ 8.0ಗೆ ಹೋಗೋ ಮುಂಚೆ ಬ್ಯಾಕಪ್ ಹೆಂಗ್ ತಗೊಂಡ್ರಿ? ಅನುಭವ ಇದ್ದೋರು ಹೇಳಿ

ರಾಜಾಜಿನಗರ_ಲ್ಯಾಬ್
ನಮಸ್ಕಾರ ಎಲ್ರಿಗೂ. ಒಂದು ಬ್ಲಡ್ ಟೆಸ್ಟ್ ಲ್ಯಾಬಿನ ಬಿಲ್ಲಿಂಗ್ ನೋಡ್ಕೋತೀನಿ. ಮೈಎಸ್‌ಕ್ಯೂಎಲ್ 5.7, 60 ಜಿಬಿ, ಒಂದೇ ಸರ್ವರ್ರು, ರೆಪ್ಲಿಕಾ ಗಿಪ್ಲಿಕಾ ಅಂತ ಜೊತೆಗೆ ಓಡೋ ನಕಲು ಸರ್ವರ್ ಏನಿಲ್ಲ. ಭಾನುವಾರ ರಾತ್ರಿ 11ರಿಂದ ಬೆಳಗ್ಗೆ 5ರ ತನಕ ಟೈಮ್ ಕೊಟ್ಟಿದಾರೆ, ಆಮೇಲೆ ಫಾಸ್ಟಿಂಗ್ ಶುಗರ್‌ನೋರು ಬಂದು ನಿಂತ್ಕೋತಾರೆ. ಡಂಪ್ (ಡೇಟಾ ಎಲ್ಲಾ ಒಂದು ಟೆಕ್ಸ್ಟ್ ಫೈಲಿಗೆ ಇಳಿಸಿದ್ದು) ಒಂದಿದ್ರೆ ಸಾಕಾ, ಡೇಟಾ ಫೋಲ್ಡರ್ರೂ ಕಾಪಿ ಮಾಡ್ಕೊಳ್ಳಾ?

ಪದ್ಮನಾಭನಗರ_ಪೆನ್‌ಡ್ರೈವ್
ಡಂಪ್ ಇದೆ ಅಂತ ಎದೆ ತಟ್ಕೊಂಡು ಕೂತಿದ್ದವನು ನಾನೇ, ಕೇಳಿ. ನಮ್ದು ಟ್ಯೂಶನ್ ಸೆಂಟರ್. ಅಪ್‌ಗ್ರೇಡ್ ಏನೋ 40 ನಿಮಿಷಕ್ಕೆ ಸಲೀಸಾಗಿ ಆಯ್ತು, ಆದ್ರೆ ಬೆಳಗ್ಗೆ ರಿಸಲ್ಟ್ ಪೇಜ್ ತೆಗೆದ್ರೆ ಬರೀ ಎರರ್ರು, ಯಾಕಂದ್ರೆ ಟೇಬಲ್ಲಲ್ಲಿ 'ರ‍್ಯಾಂಕ್' ಅಂತ ಕಾಲಮ್ಮು, 8.0ರಲ್ಲಿ ಅದು ರಿಸರ್ವ್ಡ್ ಪದ, ಅಂದ್ರೆ ಡೇಟಾಬೇಸ್ ತನ್ನ ಕೆಲಸಕ್ಕೇ ಅಂತ ಇಟ್ಕೊಂಡಿರೋದು. ಸಾಫ್ಟ್‌ವೇರ್ ಬರ್ಕೊಟ್ಟ ಹುಡುಗ ಫೋನೇ ಎತ್ತಲಿಲ್ಲ. 8.0ರಿಂದ 5.7ಗೆ ಡೌನ್‌ಗ್ರೇಡ್ ಅನ್ನೋದೇ ಇಲ್ಲ, ಗೊತ್ತಲ್ಲ, ಗಾಬರೀಲಿ ಡೇಟಾ ಫೋಲ್ಡರ್ ಅಳಿಸಿ 5.7 ಹಾಕಿ ಡಂಪ್ ಲೋಡ್ ಮಾಡ್ದೆ.

ಡಂಪು ಅರ್ಧಾನೇ ಇತ್ತು! ಯಾವನೋ ಪುಣ್ಯಾತ್ಮ 30 ಎಂಬಿ ಮಾರ್ಕ್ಸ್‌ಕಾರ್ಡ್ ಸ್ಕ್ಯಾನ್ ಅಪ್‌ಲೋಡ್ ಮಾಡಿದ್ದ, ಡಂಪ್ ತೆಗೆಯೋ ಪ್ರೋಗ್ರಾಮಿನ ಡೀಫಾಲ್ಟ್ ಮಿತಿ 24 ಎಂಬಿ, ಅದು ಆ ಸಾಲಿನ ಹತ್ರ ಬಂದು ಸತ್ತೋಯ್ತು, ಹಿಂದೆ ಪೈಪಲ್ಲಿ ಕೂತಿದ್ದ, ಫೈಲ್ ಕುಗ್ಗಿಸೋ ಜಿಜಿಪ್ ಮಾತ್ರ ಬಂದಷ್ಟನ್ನ ನೀಟಾಗಿ ಮಡಚಿಟ್ಟು ಎಲ್ಲಾ ಸರಿ ಅಂತು. ಫೈಲ್ ಚೆಕ್ ಮಾಡಿದ್ರೂ ಓಕೆ. 'ಡಾಕ್ಯುಮೆಂಟ್ಸ್' ಟೇಬಲ್ಲು ಡಿ, 'ಫೀಸ್' ಟೇಬಲ್ಲು ಎಫ್, ಡಂಪ್ ಹೋಗೋದು ಎ ಬಿ ಸಿ ಕ್ರಮದಲ್ಲಿ, ಡೀಲಿ ನಿಂತಿದ್ದು ಎಫ್ ತನಕ ಎಲ್ಲಿ ಬರ್ಬೇಕು. ಪೂರ್ತಿ ಇದ್ದ ಕೊನೇ ಡಂಪು 23 ದಿನ ಹಳೇದು. ರಸೀದಿ ಪುಸ್ತಕದ ಕಾರ್ಬನ್ ಕಾಪಿ ನೋಡ್ಕೊಂಡು ಇಬ್ರು ಹುಡುಗ್ರು 11 ದಿನ ಕೂತು ಹೊಡೆದ್ರು, ದಿನಕ್ಕೆ ತಲಾ 600, ಅಂದ್ರೆ 13,200, ಅವರ ತಿಂಡಿ ಕಾಫಿ 2,940, ಅದೂ ನನ್ನ ಜೇಬಿಂದ. ಫೈಲಿನ ಕೊನೇ ಸಾಲಲ್ಲಿ 'ಡಂಪ್ ಕಂಪ್ಲೀಟೆಡ್' ಅಂತ ಇದೆಯಾ ಅಂತ ಒಂದ್ಸಲ ನೋಡಿದ್ರೆ ಮುಗೀತಿತ್ತು.

ಸಿಲ್ಕ್‌ಬೋರ್ಡ್_ಸಂತ್ರಸ್ತ
ಅಣ್ಣಾ, ಅಳಿಸಿದ್ದು ಯಾಕೆ? ಫೋಲ್ಡರ್ ಹೆಸರು ಬದಲಾಯಿಸಿ ಪಕ್ಕಕ್ಕಿಟ್ಟಿದ್ರೆ ಒಂದು ರೂಪಾಯಿ ಖರ್ಚಿಲ್ಲ, ನಿನ್ನ ಫೀಸ್ ಟೇಬಲ್ಲು ಅದ್ರಲ್ಲೇ ಇತ್ತಲ್ಲ.

ನಮ್ದು 1.8 ಟಿಬಿ, ಡಂಪ್ ತೆಗೀತಾ ಕೂತ್ರೆ ದೀಪಾವಳಿ ಬರುತ್ತೆ, ಅದಕ್ಕೆ ಸರ್ವರ್ ಓಡ್ತಿದ್ದಂಗೇ ಡೇಟಾ ಫೈಲನ್ನೇ ಕಾಪಿ ಮಾಡೋ ಟೂಲು, ಎಕ್ಸ್‌ಟ್ರಾಬ್ಯಾಕಪ್. ಅದ್ರಲ್ಲೂ ನಾನು ಮೊದ್ಲು 8.0 ಆವೃತ್ತಿ ಹಾಕ್ಕೊಂಡು ಕೂತಿದ್ದೆ, ರಾತ್ರಿ 11:40ಕ್ಕೆ 5.7 ಸರ್ವರ್ ನೋಡಿ ಮುಖ ತಿರುಗಿಸ್ತು, 5.7ಗೆ 2.4 ಆವೃತ್ತೀನೇ ಬೇಕು. ಅದನ್ನ ಹುಡುಕಿ ಹಾಕಿ ಶುರು ಮಾಡೋ ಹೊತ್ತಿಗೆ 1:15. ಆದ್ರೆ ಹಿಂದಿನ ವಾರಾನೇ ಬೇರೆ ಮಷೀನಲ್ಲಿ ಪೂರ್ತಿ ರಿಸ್ಟೋರ್ ಮಾಡಿ ನೋಡಿದ್ದೆ, 6 ಗಂಟೆ 20 ನಿಮಿಷ. ಅಪ್‌ಗ್ರೇಡ್ ಕೈಕೊಟ್ರೆ ಎಷ್ಟೊತ್ತಿಗೆ ವಾಪಸ್ ಬರ್ತೀನಿ ಅಂತ ಮ್ಯಾನೇಜರ್‌ಗೆ ಬರೆದು ಕಳ್ಸಿದ್ದೆ, ಯಾರೂ ಓದಿಲ್ಲ ಬಿಡಿ.

ಪದ್ಮನಾಭನಗರ_ಪೆನ್‌ಡ್ರೈವ್
ಬೇರೆ ಮಷೀನಂತೆ. ನಿಮಗೆ ಕಂಪನಿ ಕೊಡುತ್ತೆ ಸ್ವಾಮಿ. ನಮ್ಮ ಓನರ್ ಬೆಂಗಳೂರಿನ ಕಂಪ್ಯೂಟರ್ ಬಜಾರ್ ಎಸ್.ಪಿ. ರೋಡಿಂದ 2 ಟಿಬಿ ಡಿಸ್ಕ್ ತರ್ಸೋಕೇ ಮೂರು ತಿಂಗಳು ತಗೊಂಡ್ರು, ಅದೂ ಎಂಟೇ ದಿನಕ್ಕೆ ಕಟಕಟ ಅನ್ನೋಕೆ ಶುರು.

ಬೆರಳಚ್ಚು_ಭಾರತಿ
ಕನ್ನಡ ಡೇಟಾ ಇರೋರು ಇದನ್ನ ಓದ್ಲೇಬೇಕು. ಪ್ರಕಾಶನ ಒಂದ್ರಲ್ಲಿ ಓದುಗರ ವಿಳಾಸ ಎಲ್ಲಾ ಕನ್ನಡದಲ್ಲೇ ಇಟ್ಟಿದ್ವಿ, ಆದ್ರೆ ಹಳೇ ಕಾಲದಲ್ಲಿ ಯಾರೋ ಟೇಬಲ್ಲನ್ನ ಲ್ಯಾಟಿನ್1 (ಯುರೋಪಿನ ಅಕ್ಷರಕ್ಕೆ ಮಾತ್ರ ಆಗೋ ಹಳೇ ಎನ್‌ಕೋಡಿಂಗ್) ಮಾಡಿದ್ರು. ಪ್ರೋಗ್ರಾಮೂ ಲ್ಯಾಟಿನ್1 ಅಂತಾನೇ ಮಾತಾಡ್ತಿತ್ತು, ಕಳ್ಳಂಗೂ ಪೊಲೀಸಂಗೂ ಒಪ್ಪಂದ ಇದ್ದಂಗೆ, ಪರದೆ ಮೇಲೆ ಕನ್ನಡ ಸರಿಯಾಗೇ ಕಾಣ್ತಿತ್ತು. 8.0ಗೆ ಲೋಡ್ ಮಾಡಿದ್ಮೇಲೆ 'ಮಲ್ಲೇಶ್ವರಂ' ಇದ್ದ ಜಾಗದಲ್ಲಿ ತಲೆ ಮೇಲೆ ಗೀಟಿರೋ ಇಂಗ್ಲಿಷ್ ಎ, ಪಕ್ಕ ಪುಟ್ಟ 2, ಮತ್ತೆ ಎ, ಪುಟ್ಟ 3, ಇರುವೆ ಸಾಲು ಹೋದಂಗೆ. 212 ಪಾರ್ಸಲ್ ಲೇಬಲ್ ಪ್ರಿಂಟಾದ್ಮೇಲೆ ನಮ್ಮ ಪ್ಯಾಕಿಂಗ್ ಹುಡುಗ ಬಂದು "ಮೇಡಂ ಇದು ತಮಿಳಾ?" ಅಂದ. ಆಮೇಲೆ ಲ್ಯಾಟಿನ್1 ಅಂತ ಹೇಳೇ ಡಂಪ್ ತೆಗೆದು, ಯುಟಿಎಫ್8ಎಂಬಿ4 (ಕನ್ನಡಾನೂ ಹಿಡಿಸೋ ಎನ್‌ಕೋಡಿಂಗ್) ಅಂತ ಲೋಡ್ ಮಾಡಿದ್ವಿ, ಸರಿಹೋಯ್ತು. ಇನ್ನೊಂದು, ಡೇಟಾಬೇಸ್ ಒಳಗೇ ಬರೆದಿಟ್ಟ ಪುಟ್ಟ ಪ್ರೋಗ್ರಾಮ್‌ಗಳು, ಅಂದ್ರೆ ಸ್ಟೋರ್ಡ್ ಪ್ರೊಸೀಜರ್‌ಗಳು ಕೇಳದೇ ಇದ್ರೆ ಡಂಪಲ್ಲಿ ಬರಲ್ಲ. ಟ್ರಿಗರ್ (ಡೇಟಾ ಬದಲಾದಾಗ ತಾನೇ ಓಡೋದು) ಬರುತ್ತೆ, ಪ್ರೊಸೀಜರ್ ಬರಲ್ಲ, ಇವೆಂಟೂ (ಹೊತ್ತಿಗೆ ಸರಿಯಾಗಿ ಓಡೋದು) ಬರಲ್ಲ, ಯಾಕೋ ಏನೋ.

ಆನೆ_ಪಕ್ಷ
ಇಷ್ಟೆಲ್ಲ ಗೋಳು ಯಾಕೆ, ಆನೆ ಗುರುತಿನ ಡೇಟಾಬೇಸ್ ಇದೆಯಲ್ಲ, ಪೋಸ್ಟ್‌ಗ್ರೆಸ್‌ಗೆ ಬನ್ನಿ.

ಸಿಲ್ಕ್‌ಬೋರ್ಡ್_ಸಂತ್ರಸ್ತ
ಬಂದ್ರಪ್ಪ. ಅಲ್ಲೂ ಲಿಂಕ್ ಮೋಡಲ್ಲಿ (ಕಾಪಿ ಮಾಡ್ದೆ ಹಳೇ ಫೈಲನ್ನೇ ಬಳಸೋದು) ಅಪ್‌ಗ್ರೇಡ್ ಮಾಡಿ ಹೊಸದನ್ನ ಒಂದ್ಸಲ ಸ್ಟಾರ್ಟ್ ಮಾಡಿದ್ರೆ ಹಳೇದನ್ನ ಮುಟ್ಟೋ ಹಂಗಿಲ್ಲ. ಬ್ಯಾಕಪ್ ಇಲ್ದೇ ಇದ್ರೆ ನಿಮ್ಮ ಆನೇನೂ ಅದೇ ಹಳ್ಳಕ್ಕೆ ಬೀಳೋದು.

ಆನೆ_ಪಕ್ಷ
ಲಿಂಕ್ ಮೋಡ್ ಹಾಕು ಅಂತ ಯಾರು ಹೇಳಿದ್ರು? ಡೀಫಾಲ್ಟಾಗಿ ಅದು ಕಾಪಿ ಮಾಡುತ್ತೆ. ಅರ್ಧಂಬರ್ಧ ತಿಳ್ಕೊಂಡು ಮಾತಾಡ್ಬೇಡಿ.

ಸಿಲ್ಕ್‌ಬೋರ್ಡ್_ಸಂತ್ರಸ್ತ
1.8 ಟಿಬಿ ಕಾಪಿ ಮಾಡೋಕೆ ಡಿಸ್ಕ್ ನೀನು ಕೊಡಿಸ್ತೀಯ?

ಪದ್ಮನಾಭನಗರ_ಪೆನ್‌ಡ್ರೈವ್
ಎಸ್.ಪಿ. ರೋಡಲ್ಲಿ ಮಾತ್ರ ತಗೋಬೇಡಿ.

ಚಿಕ್ಕಪೇಟೆ_ಚಿಪ್ಪು
ಯಾಕೆ ಸಾರ್ ಸುಮ್ನೆ ರೋಡ್ ಹೆಸರು ಕೆಡಿಸ್ತೀರ? ನಾನು 15 ವರ್ಷದಿಂದ ಅಲ್ಲೇ ತಗೋತಿರೋದು. ಬಿಲ್ ಬೇಡ, ಕಮ್ಮಿ ಮಾಡು ಅಂದಿರ್ತೀರ, ಆಮೇಲೆ ವಾರಂಟಿ ಎಲ್ಲಿಂದ ಬರ್ಬೇಕು.

ರಾಜಾಜಿನಗರ_ಲ್ಯಾಬ್
ಸಾರ್, ಮೇಡಂ, ಎಲ್ರಿಗೂ ಥ್ಯಾಂಕ್ಸ್. ಸರ್ವರ್ ನಿಲ್ಸಿ ಫೋಲ್ಡರ್ ಕಾಪಿ ಮಾಡ್ತೀನಿ, ಡಂಪೂ ತೆಗೀತೀನಿ. ನಮ್ಮಲ್ಲಿ 'ರ‍್ಯಾಂಕ್' ಕಾಲಮ್ ಇಲ್ಲ, 'ಗ್ರೂಪ್ಸ್' ಅಂತ ಒಂದು ಟೇಬಲ್ ಇದೆ ಅಷ್ಟೇ, ಬ್ಲಡ್ ಗ್ರೂಪ್‌ದು. ಅದಕ್ಕೇನೂ ಆಗಲ್ಲ ಅಲ್ವಾ?

ಬೆರಳಚ್ಚು_ಭಾರತಿ
ಆಗುತ್ತೆ. ಅದೂ 8.0ರಲ್ಲಿ ರಿಸರ್ವ್ಡ್. ಮೈಎಸ್‌ಕ್ಯೂಎಲ್ ಶೆಲ್‌ನಲ್ಲಿ ಅಪ್‌ಗ್ರೇಡ್ ಚೆಕರ್ ಇದೆ, ಇವತ್ತೇ ಓಡಿಸಿ ನೋಡಿ, ಭಾನುವಾರದ ತನಕ ಕಾಯ್ಬೇಡಿ.

ಪದ್ಮನಾಭನಗರ_ಪೆನ್‌ಡ್ರೈವ್
ಬಿಲ್ ಇತ್ತು ರೀ ಚಿಪ್ಪು ಸಾರ್. ಜಿಎಸ್‌ಟಿ ಸಮೇತ ಇತ್ತು. ಫೋಟೋ ಹಾಕ್ಲಾ?