ಫಸ್ಟ್ ಫ್ಲಶ್ ಇದ್ದರೂ ಸಂಪಿನ ಮಳೆನೀರು ವಾಸನೆ ಬರುತ್ತಿದೆ

ಪ್ರಶ್ನೆ: ಸಮುದಾಯ ಭವನದ 200 ಚದರ ಮೀಟರ್ ತಾರಸಿಯ ನೀರು 10,000 ಲೀಟರ್ ಸಂಪಿಗೆ ಬೀಳುತ್ತದೆ. 110 ಮಿ.ಮೀ. ಪೈಪಿನಲ್ಲಿ ಒಂದೂವರೆ ಮೀಟರ್ ಎತ್ತರದ ಫಸ್ಟ್ ಫ್ಲಶ್ (ಮಳೆಯ ಮೊದಲ ಕೊಳಕು ನೀರನ್ನು ಸಂಪಿಗೆ ಬಿಡದೆ ಹಿಡಿದಿಡುವ ವ್ಯವಸ್ಥೆ) ಇದೆ. ಆದರೂ ಮಳೆ ನಿಂತ ಕೆಲವೇ ದಿನಕ್ಕೆ ಕೊಳೆತ ಮೊಟ್ಟೆಯ ವಾಸನೆ. ಬ್ಲೀಚಿಂಗ್ ಪೌಡರ್ ಹಾಕಿದರೆ ಎರಡು ದಿನ ಸುಮ್ಮನಿದ್ದು ಮತ್ತೆ ಶುರು. ಪ್ರಮಾಣ ಹೆಚ್ಚಿಸಬೇಕೇ?

ಉತ್ತರ: ಬೇಡ. ಆ ವಾಸನೆ ಬರುವುದು ತಳದ ಹೂಳು ಗಾಳಿಯಿಲ್ಲದೆ ಕೊಳೆಯುವುದರಿಂದ. ಹಾಕಿದ ಕ್ಲೋರಿನ್ನನ್ನೆಲ್ಲ ಹೂಳೇ ನುಂಗಿಬಿಡುತ್ತದೆ.

ಹೂಳು ಎಲ್ಲಿಂದ ಬಂತು ಅನ್ನುವುದು ಮುಖ್ಯ. ನಿಮ್ಮ ಪೈಪ್ ಹಿಡಿಯುವುದು ಸುಮಾರು 13 ಲೀಟರ್ ಅಷ್ಟೇ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ಲೆಕ್ಕ. ಮೊದಲ 1 ಮಿ.ಮೀ. ಹೊರಹಾಕಲು ನಿಮಗೆ 200 ಲೀಟರ್ ಜಾಗ ಬೇಕು. ಅಂದರೆ ಹಕ್ಕಿ ಹಿಕ್ಕೆ, ಧೂಳು, ಎಲೆಚೂರು ಬಹುಪಾಲು ಸಂಪಿಗೇ ಹೋಗುತ್ತಿದೆ. ಇನ್ನೊಂದು ಪರೀಕ್ಷೆ: ಮಳೆ ನಿಂತ ಮರುದಿನ ಕೆಳಗಿನ ಎಂಡ್ ಕ್ಯಾಪ್ ಬಿಚ್ಚಿ. ನೀರು ಧುಮುಕಿದರೆ, ಹಿಡಿದ ನೀರು ನಿಧಾನವಾಗಿ ಹೊರಹೋಗಲು ಪೈಪಿನ ತಳದಲ್ಲಿರುವ ಸೋರು ತೂತು ಕಟ್ಟಿಕೊಂಡಿದೆ ಎಂದರ್ಥ; ಆಗ ಫಸ್ಟ್ ಫ್ಲಶ್ ಇದ್ದೂ ಇಲ್ಲದಂತೆ.

ಪೈಪಿನ ಬದಲು 200 ಲೀಟರಿನ ಮುಚ್ಚಿದ ಡ್ರಮ್ ಕೂರಿಸಿ. ತುಂಬಿದಾಗ ಬಾಯಿ ಮುಚ್ಚಿಕೊಳ್ಳುವಂತೆ ತೇಲುವ ಚೆಂಡು ಇರಲಿ. ತಳದಲ್ಲಿ 3 ಮಿ.ಮೀ. ತೂತು ಬಿಟ್ಟರೆ ಆರೇಳು ಗಂಟೆಯಲ್ಲಿ ಖಾಲಿಯಾಗುತ್ತದೆ. ತೂತಿನ ಒಳಬದಿಗೆ ಜಾಲರಿ ಕಟ್ಟದಿದ್ದರೆ ಒಂದೇ ಎಲೆ ಸಾಕು, ಮತ್ತೆ ಕಟ್ಟಿಕೊಳ್ಳುತ್ತದೆ.

ಪ್ರಶ್ನೆ: ಪ್ರತಿ ಮಳೆಗೂ 200 ಲೀಟರ್ ಪೋಲಲ್ಲವೇ?

ಉತ್ತರ: 20 ಮಿ.ಮೀ. ಮಳೆಗೆ ಶೇಕಡಾ 20 ನಷ್ಟ ಕಳೆದರೂ 3,200 ಲೀಟರ್ ಬರುತ್ತದೆ. ಅದರಲ್ಲಿ 200 ಗಿಡಗಳಿಗೆ ಹೋಗಲಿ. ಒಂದೆರಡು ಗಂಟೆಯಲ್ಲೇ ಮತ್ತೆ ಮಳೆ ಬಂದರೆ ಡ್ರಮ್ ಇನ್ನೂ ಅರ್ಧದಿಂದ ಮುಕ್ಕಾಲು ತುಂಬಿರುತ್ತದೆ, ತಾರಸಿಯೂ ತೊಳೆದಿರುತ್ತದೆ, ನಷ್ಟ ಕಡಿಮೆ.

ಇನ್ನೊಬ್ಬರ ಉತ್ತರ: ಡ್ರಮ್ ಕೂರಿಸುವ ಮೊದಲೇ ಸಂಪಿನ ಹೂಳು ತೆಗೆಯಿರಿ. ಮುಚ್ಚಳ ತೆರೆದು ಚೆನ್ನಾಗಿ ಗಾಳಿಯಾಡಿದ ಮೇಲೆಯೇ ಇಳಿಯಬೇಕು, ಮೇಲೊಬ್ಬರು ಕಾವಲಿರಲೇಬೇಕು. ಅದೇ ವಾಸನೆಯ ಗಾಳಿ ಪ್ರಾಣ ತೆಗೆಯಬಲ್ಲದು. ಒಳಬರುವ ಪೈಪನ್ನು ತಳದವರೆಗೆ ಇಳಿಸಿ, ತುದಿಗೆ ಮೇಲ್ಮುಖವಾಗಿ ಎಲ್ಬೋ (ಬಾಗಿದ ಪೈಪ್ ಜೋಡಣೆ) ಹಾಕಿ. ಬೀಳುವ ನೀರು ಹೂಳು ಕದಡುವುದಿಲ್ಲ. ಫುಟ್ ವಾಲ್ವ್ (ಪಂಪು ನೀರೆಳೆಯುವ ಪೈಪಿನ ತುದಿಯ ಕವಾಟ) ತಳದಿಂದ 15 ಸೆಂ.ಮೀ. ಮೇಲಿರಲಿ. ಹೆಚ್ಚುವರಿ ನೀರು ಹೋಗುವ ಪೈಪಿಗೆ ಸೊಳ್ಳೆ ಜಾಲರಿ ಮರೆಯಬೇಡಿ.

ಆಮೇಲೆ ಶೇಕಡಾ 33ರ ಬ್ಲೀಚಿಂಗ್ ಪೌಡರ್ ತುಂಬಿದ ಸಂಪಿಗೆ 30 ಗ್ರಾಂ ಸಾಕು. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಸುರಿಯಿರಿ. ಅರ್ಧ ಗಂಟೆ ಬಿಟ್ಟು ಕ್ಲೋರಿನ್ ಪರೀಕ್ಷೆಯ ಕಿಟ್‌ನಲ್ಲಿ ನೋಡಿದಾಗ ಲೀಟರಿಗೆ 0.2 ಮಿ.ಗ್ರಾಂ.ಗಿಂತ ಕಡಿಮೆ ಕ್ಲೋರಿನ್ ಉಳಿದಿದ್ದರೆ, ಹೂಳು ಪೂರ್ತಿ ಹೋಗಿಲ್ಲ ಅಥವಾ ಪೌಡರ್ ಹಳತಾಗಿ ಸತ್ವ ಕಳೆದುಕೊಂಡಿದೆ.